ಬೇಹಿಗೂ ಒಂದು ಬೇಲಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಯಾವ ಊರಿನ ಮಸೀದಿಗಾದರೂ ಹೊಸಬನೊಬ್ಬ ನಮಾಝಿಗೆ ಬಂದರೆ ನಾವು ಸಲಾಮ್ ಹೇಳಿ, ಯಾವೂರೆಂದು ಕೇಳಿ, ಚಹಾಕ್ಕೆ ಕರೆಯುತ್ತೇವೆ. ಉಗ್ರವಾದಿಗಳನ್ನು ಹುಡುಕಲು ಪೊಲೀಸರು ಇಂಥ ನಂಬಿಕೆಯೊಳಗೆ ವೇಷಧಾರಿಯನ್ನು ಕಳಿಸುವುದು ನ್ಯಾಯವೇ?

ಅತಿಯಾದ ಗುಮಾನಿಯನ್ನೂ ಪರರ ಗುಟ್ಟು ಕೆದಕುವುದನ್ನೂ ಪವಿತ್ರ ಕುರ್‌ಆನ್ (49:12) ನಿಷೇಧಿಸಿದೆ. ಹಾಗೆಂದು ಬೇಹುಗಾರಿಕೆಯೆಲ್ಲ ಪಾಪವೆನ್ನಲಾಗದು. ಕ್ರಿ.ಶ. 627ರ ಕಂದಕ ಯುದ್ಧದಲ್ಲಿ ಪ್ರವಾದಿವರ್ಯರು(ಸ) ಹುಝೈಫಾರನ್ನು(ರ) ಶತ್ರುಪಾಳಯಕ್ಕೆ ಕಳಿಸಿದರು. ಸುದ್ದಿ ತರಬೇಕು, ಯಾರನ್ನೂ ಕೆರಳಿಸಬಾರದು ಎಂಬುದು ಅಪ್ಪಣೆ. ಅಂದು ಶತ್ರುನಾಯಕರಾಗಿದ್ದ ಅಬೂ ಸುಫ್ಯಾನ್ ಕಣ್ಣೆದುರೇ ಬೆಂಕಿ ಕಾಯಿಸಿಕೊಳ್ಳುತ್ತಿದ್ದರೂ, ಹುಝೈಫಾ ಬಿಲ್ಲಿಗೇರಿಸಿದ ಬಾಣವನ್ನು ಬಿಡಲಿಲ್ಲ.

ನಮ್ಮ ಕಾಲದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆಯಿತು. 2006ರಲ್ಲಿ ಎಫ್‌ಬಿಐ ಮಾಹಿತಿದಾರನೊಬ್ಬ ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವನಂತೆ ಅರ್ವೈನ್‌ನ ಮಸೀದಿ ಸೇರಿದ. ಕ್ರಮೇಣ ಹಿಂಸಾಕೃತ್ಯದ ಮಾತೆತ್ತಿದ. ಬೆಚ್ಚಿದ ನಮಾಝಿಗಳು 2007ರಲ್ಲಿ ಅವನ ಮೇಲೆ ಎಫ್‌ಬಿಐಗೇ ದೂರು ಕೊಟ್ಟರು! ಮುಂದೆ ಮೂವರು ಮುಸ್ಲಿಮರು ದಾವೆ ಹೂಡಿದರು. ರಾಷ್ಟ್ರರಹಸ್ಯದ ತಕರಾರಿನ ನಡುವೆ ಅದು 2022ರಲ್ಲಿ ಸುಪ್ರೀಂ ಕೋರ್ಟಿನಿಂದ ಕೆಳಕೋರ್ಟಿಗೆ ಮರಳಿತು.

ಉಗ್ರವಾದಿ ಯಾವ ಧರ್ಮದವನೇ ಇರಲಿ, ಸಂಚು ನಡೆದಿದ್ದರೆ ವೇಷ ಮರೆಸಿಯಾದರೂ ಅದನ್ನು ತಡೆಯಲೇಬೇಕು. ಅಮಾಯಕರ ಜೀವ ಎಲ್ಲಕ್ಕಿಂತ ದೊಡ್ಡದು. ಆದರೆ ಇರುವ ಸಂಚಿಗೆ ಕಿವಿಗೊಡುವುದು ಬೇರೆ, ಇಲ್ಲದ ಸಂಚನ್ನು ಕಿವಿಯಲ್ಲಿ ಊದುವುದು ಬೇರೆ. ಹಾಗೆ ಊದುವವನು ಹಿಡಿಯಬೇಕಾದ ಅಪರಾಧವನ್ನು ತಾನೇ ಬಿತ್ತುತ್ತಾನೆ. ಜೊತೆಗೆ, ಕಾನೂನನ್ನು ನಂಬಿದವರ ನಂಬಿಕೆಯನ್ನೂ ಕೆಡಿಸುತ್ತಾನೆ. ನಾಳೆ ನಿಜವಾದ ಸಂಚಿನ ಸುಳಿವು ಸಿಕ್ಕವನು ಯಾವ ಧೈರ್ಯದಿಂದ ಠಾಣೆಯ ಮೆಟ್ಟಿಲು ಹತ್ತಿಯಾನು?