ಬೀಗವಿಲ್ಲದ ಬಾಗಿಲು

ಹಲಸೂರಿನ ಸೋಮೇಶ್ವರ ದೇವಾಲಯದ ಹಿಂದಣ ಬೀದಿಯೊಂದರಲ್ಲಿ, ಕಾಲೇಜಿನಲ್ಲಿ ಕನ್ನಡ ಬೋಧಿಸಿ ನಿವೃತ್ತರಾದ ಮೇಲೆ ತಮ್ಮ ಬಿಡುವನ್ನೆಲ್ಲ ಶಾಸನಗಳ ಓದಿಗೆ ಮೀಸಲಿಟ್ಟ ಹಿರಿಯರೊಬ್ಬರಿರುವರು. ಇಂದಿರಾನಗರದಲ್ಲಿ ಉದ್ಯೋಗದಲ್ಲಿರುವ ಅವರ ತಂಗಿಯ ಮಗಳು ವಸುಧಾ, ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ‘ಔಟರ್ ವೈಲ್ಡ್ಸ್’ ಎಂಬ 2019ರ ಆಟವನ್ನು ಅವರಿಗೆ ತೋರಿಸಿದ ಬಳಿಕ ನಡೆದ ಮಾತುಕತೆ ಇದು.

ಮಾವ: ಚಿತ್ರ ಸೊಗಸಾಗಿದೆ, ಸಂಗೀತ ಅದಕ್ಕಿಂತಲೂ ಸೊಗಸು, ಅಲ್ಲಗಳೆಯುವವನಲ್ಲ ನಾನು. ಆದರೆ ಇದನ್ನು ನೀನು ಅನ್ವೇಷಣೆಯೆಂದೆಯಲ್ಲ, ಅಲ್ಲಿಯೇ ನನ್ನ ತಕರಾರು. ಒಬ್ಬನು ಬಚ್ಚಿಟ್ಟದ್ದನ್ನು ಇನ್ನೊಬ್ಬನು ಹುಡುಕಿ ತೆಗೆಯುವುದು ವಿನೋದವಾದೀತು, ಜಿಜ್ಞಾಸೆಯಾಗದು. ಏಕೆಂದರೆ ಉತ್ತರವೊಂದು ಉಂಟೆಂಬ ಭರವಸೆ ಅವನಿಗೆ ಆರಂಭದಲ್ಲಿಯೇ ದೊರೆತಿರುತ್ತದೆ. ರೈಸ್ ಸಾಹೇಬರು 1905ರಲ್ಲಿ ಹೊರತಂದ, ಎಪಿಗ್ರಾಫಿಯ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ಕಂಕುಳಲ್ಲಿರಿಸಿಕೊಂಡು ಕೃಷ್ಣರಾಜಪುರದ ಆಚೆಯ ಹಳ್ಳಿಗಳಲ್ಲಿ ನಾನು ಅಲೆಯುತ್ತಿದ್ದಾಗ, ಸವೆದುಹೋದ ಪಂಕ್ತಿಯಲ್ಲಿ ಯಾರ ಹೆಸರಿತ್ತೆಂಬುದನ್ನು ಕಲ್ಲು ಹೇಳಿಯೇ ತೀರುವುದೆಂದು ಯಾರೂ ನನಗೆ ಮಾತು ಕೊಟ್ಟಿರಲಿಲ್ಲ. ಪುಸ್ತಕದಲ್ಲಿ ಚುಕ್ಕಿಗಳಿದ್ದೆಡೆಯಲ್ಲಿ ಕಲ್ಲಿನ ಮೇಲೂ ಅಕ್ಷರವಿರಲಿಲ್ಲ.

ವಸುಧಾ: ನಿಮ್ಮ ಕಲ್ಲಿಗೂ ಈ ಆಟಕ್ಕೂ ನೀವು ತಿಳಿದಷ್ಟು ದೂರವಿಲ್ಲ, ಮಾವ. ಇಲ್ಲಿಯೂ ನೋಮಾಯ್ ಎಂಬ ಅಳಿದ ಜನಾಂಗದ ಬರಹಗಳೇ ಆಧಾರ. ಒಬ್ಬರು ಗೋಡೆಯ ಮೇಲೆ ಸುರುಳಿಯಾಗಿ ಒಂದು ಮಾತು ಬರೆದರೆ, ಅದರ ಬೆನ್ನಿನಿಂದಲೇ ಕವಲೊಡೆದು ಮತ್ತೊಬ್ಬರ ಉತ್ತರ ಹೊರಡುತ್ತದೆ. ನಾವು ಓದುವುದು ಅವರ ಹರಟೆಯನ್ನು, ಅವರ ಜಗಳವನ್ನು, ಕೈಗೂಡದೆ ಹೋದ ಪ್ರಯೋಗಗಳ ಲೆಕ್ಕವನ್ನು. 22 ನಿಮಿಷವಾಗುತ್ತಲೇ ಸೂರ್ಯ ಸಿಡಿದು ಸಕಲವೂ ಭಸ್ಮವಾಗುತ್ತದೆ. ಆಟಗಾರ ಮತ್ತೆ ಆಟ ಮೊದಲಾದ ಬೆಂಕಿಯ ಬದಿಯಲ್ಲಿಯೇ ಎಚ್ಚರಗೊಳ್ಳುತ್ತಾನೆ.

ಮಾವ: ಗಳಿಸಿದ ಆಯುಧಗಳು?

ವಸುಧಾ: ಆಯುಧವೇ ಇಲ್ಲ.

ಮಾವ: ಅಂಕಗಳು?

ವಸುಧಾ: ಅವೂ ಇಲ್ಲ. ಜನ್ಮಾಂತರಕ್ಕೆ ಬರುವುದು ತಿಳಿವೊಂದೇ. ಒಂದನ್ನೊಂದು ಸುತ್ತುವ ಜೋಡಿ ಗ್ರಹಗಳಿವೆಯೆಂದು ತೋರಿಸಿದೆನಲ್ಲ. ಒಂದರ ಮರಳು ಕಂಬವಾಗಿ ಹರಿದು ಮತ್ತೊಂದರ ಮೇಲೆ ಸುರಿಯುತ್ತದೆ. ಬೇಗ ಹೋದವನಿಗೆ ಎರಡನೆಯದರ ಗುಹೆಗಳು ತೆರೆದಿರುತ್ತವೆ, ತಡೆದವನು ಮರಳಿನಲ್ಲಿ ಹೂತು ಸಾಯುತ್ತಾನೆ. ಮೊದಲನೆಯದರ ಗೋಪುರಗಳಾದರೋ ತಾಳಿದವನಿಗೇ ಬಯಲಾಗುವುವು. ಅಲ್ಲಿ ಬೀಗವಿಲ್ಲ, ಕೀಲಿಕೈಯಿಲ್ಲ. ಬಲ್ಲವನು ಮೊದಲ ಸುತ್ತಿನಲ್ಲಿಯೇ ಕೊನೆಯನ್ನು ಮುಟ್ಟಬಹುದು. ಯಾರಾದರೂ ಹೇಳಿಕೊಟ್ಟರೋ, ಕೆಟ್ಟಿತು. ತಾನಾಗಿ ಮರಳಿನಲ್ಲಿ ಸಿಕ್ಕಿ, ಸತ್ತು, ಕಂಡುಕೊಂಡದ್ದೇ ಅವನದು. ಒಮ್ಮೆ ತಿಳಿದವನು ಎರಡನೆಯ ಸಲ ಆಡಲಾರ.

ಮಾವ: ಆಟದಲ್ಲಿ ಚಂದ್ರನೊಂದು ಮಾಯವಾಗುತ್ತಿತ್ತಲ್ಲ?

ವಸುಧಾ: ಅದು ನೋಡುವವರೆಗೆ ನಿಂತಿರುತ್ತದೆ, ದೃಷ್ಟಿ ತಪ್ಪಿದರೆ ಬೇರೊಂದು ಗ್ರಹದ ಬಳಿಗೆ ಹೋಗಿಬಿಡುತ್ತದೆ.

ಮಾವ: ಭಲೆ! ಇದು ನಮ್ಮ ದೃಷ್ಟಿಸೃಷ್ಟಿವಾದವಲ್ಲದೆ ಮತ್ತೇನು? ಜಗತ್ತು ಮೊದಲೇ ಸಿದ್ಧವಾಗಿದ್ದು ಆಮೇಲೆ ನಾವದನ್ನು ಕಾಣುತ್ತೇವೆಂಬುದು ಲೋಕರೂಢಿಯ ನಂಬಿಕೆ. ಕಾಣುವಿಕೆಯೇ ಉತ್ಪತ್ತಿ, ಕಾಣದಿರುವಾಗ ವಸ್ತುವಿಗೆ ಸತ್ತೆಯೇ ಇಲ್ಲವೆಂಬುದು ವೇದಾಂತಸಿದ್ಧಾಂತಮುಕ್ತಾವಲಿಯ ಪ್ರಕಾಶಾನಂದರ ಪಕ್ಷ. ಸ್ವಪ್ನದ ಆನೆ ಎಚ್ಚರವಾದ ಮೇಲೆ ಯಾವ ಲಾಯದಲ್ಲಿಯೂ ಕಟ್ಟಿರುವುದಿಲ್ಲವಷ್ಟೆ. ಆದರೆ ನಿನ್ನ ಚಂದ್ರ ಅಳಿಯದೆ ಸ್ಥಳವನ್ನು ಮಾತ್ರ ಬದಲಿಸುತ್ತದೆಯಾದುದರಿಂದ, ಆಟ ಮಾಡಿದವರು ಅರ್ಧ ದಾರಿಯಲ್ಲಿ ನಿಂತರೆಂದು ತೋರುತ್ತದೆ. ಇರಲಿ, ಛಾಯಾಚಿತ್ರ ತೆಗೆದಿಟ್ಟರೆ?

ವಸುಧಾ: ಆ ಚಿತ್ರವನ್ನು ನೋಡುತ್ತಿರುವಷ್ಟು ಹೊತ್ತು ಅದೂ ದೃಷ್ಟಿಯೇ.

ಮಾವ: ಹಾಗಾದರೆ ಕ್ಯಾಮರಾ ಪ್ರಮಾಣವೋ, ಪ್ರಮಾತೃವೋ?

ವಸುಧಾ: ಈ ದಾರಿ ಹಿಡಿದರೆ ನಾವು ರಾತ್ರಿಯೂಟಕ್ಕೂ ಹಿಂತಿರುಗೆವು, ಮಾವ. ಉತ್ತರದ ಭರವಸೆಯ ಮಾತು ಅಲ್ಲಿಯೇ ಉಳಿಯಿತು. ಕೇಳಿ. ಸೂರ್ಯ ಸಿಡಿಯುವುದನ್ನು ಕಂಡ ಕೂಡಲೇ ಆಟಗಾರನಿಗೆ ಹೊಳೆಯುವುದು, ಇದನ್ನು ತಡೆಯುವುದೇ ನನ್ನ ಕಾರ್ಯವೆಂದು. ಸೂರ್ಯನ ಹತ್ತಿರದಲ್ಲಿಯೇ ಸುತ್ತುವ ಒಂದು ನಿಲ್ದಾಣವಿದೆ; ಅವನನ್ನು ಸಿಡಿಸಲೆಂದೇ ನೋಮಾಯ್‌ಗಳು ಅದನ್ನು ಕಟ್ಟಿದರೆಂದು ತಿಳಿದ ಮೇಲಂತೂ, ಅಲ್ಲಿಗೆ ತಲಪಿ ಯಂತ್ರವನ್ನು ನಿಲ್ಲಿಸಿದರಾಯಿತೆಂದು ನಾನು ಸಾವಿನ ಮೇಲೆ ಸಾವು ಸತ್ತೆ. ತಲಪಿದಾಗ ಗೋಡೆಯಲ್ಲಿ ಬರೆದಿದ್ದುದೇನು? ಯಂತ್ರ ಕೆಲಸವನ್ನೇ ಮಾಡಲಿಲ್ಲವೆಂದು. ಸೂರ್ಯ ಸಾಯುತ್ತಿರುವುದು ಅವನ ಆಯುಸ್ಸು ತೀರಿದುದರಿಂದ. ಆಕಾಶದಲ್ಲಿ ಬೇರೆ ನಕ್ಷತ್ರಗಳೂ ಒಂದೊಂದಾಗಿ ಆರುತ್ತಿವೆ. ಅಪರಾಧಿಯಿಲ್ಲ, ಪರಿಹಾರವಿಲ್ಲ. ಉತ್ತರ ಇದ್ದೇ ಇರುತ್ತದೆಂದು ನಂಬಿ ಬಂದವನಿಂದ ಆ ನಂಬಿಕೆಯನ್ನೇ ಕಸಿದುಕೊಂಡು, ಇನ್ನೂ ತಿಳಿಯಬೇಕೆನ್ನುವೆಯಾ ಎಂದು ಆಟ ಕೇಳುತ್ತದೆ. ಉಳಿವಿನ ಆಸೆ ಹೋದ ಮೇಲೆಯೂ ನಾನು ಗುಹೆಗಳಿಗೆ ಹೋಗುತ್ತಲೇ ಇದ್ದೆ. ಅದು ಜಿಜ್ಞಾಸೆಯಲ್ಲದೆ ಮತ್ತೇನು?

ಮಾವ: ಹಾಗಿದ್ದರೆ ನನ್ನ ಆಕ್ಷೇಪ ಬಿದ್ದುಹೋಯಿತು. ಒಪ್ಪಿದೆ.

(ಹಿರಿಯರು ಇಷ್ಟು ಸುಲಭವಾಗಿ ಶಸ್ತ್ರ ಕೆಳಗಿಟ್ಟದ್ದು ಇದನ್ನು ಬರೆಯುತ್ತಿರುವ ನನಗೆ ಸರಿದೋರಲಿಲ್ಲ. ಸೂರ್ಯನ ಸಾವೂ ರಚಿಸಿಟ್ಟದ್ದೇ ಅಲ್ಲವೆ? ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಪ್ರಬಂಧಕಾರ್ಯವಾಗಿ ಮೊದಲಾದ ಆಟವಿದು; ನಿರಾಶೆಯನ್ನೂ ಸಹ ಕರ್ತೃಗಳು ಅಳೆದು ಸುರಿದಿದ್ದಾರೆ. ಆದರೂ ವಸುಧೆಯ ಕಡೆಗೇ ನನ್ನ ಒಲವು: ನೆಲವನ್ನು ಇನ್ನೊಬ್ಬರು ಹಾಸಿದ್ದರೂ ನಡೆದ ಕಾಲು ಅವಳದೇ.)

ಮಾವ: ಆದರೆ ಒಂದು ಸಂದೇಹ. ತಿಳಿದವನು ಮತ್ತೆ ಆಡಲಾರನೆಂದೆ. ನನ್ನ ವಯಸ್ಸಿನವನು ಆಡಿ, ಮುಂದಿನ ತಿಂಗಳು ಎಲ್ಲವನ್ನೂ ಮರೆತರೆ?

ವಸುಧಾ: ಆಟಗಾರ ಕಂಡದ್ದೆಲ್ಲ ಅವನ ಆಕಾಶನೌಕೆಯ ದಿನಚರಿಯಲ್ಲಿ ಬರೆದಿರುತ್ತದಲ್ಲ, ಮಾವ. ಎಷ್ಟು ಸಲ ಸತ್ತರೂ ಅದು ಅಳಿಯದು.

ಮಾವ: ದಿನಚರಿಗೆ ತಿಳಿದದ್ದು ನನಗೆ ತಿಳಿದಂತಾಯಿತೆ?

ವಸುಧಾ: ಓದಿದರೆ ಮತ್ತೆ ತಿಳಿಯುವುದು.

ಮಾವ: ಹೇಳಿಕೊಟ್ಟರೆ ಕೆಟ್ಟಿತೆಂದವಳೂ ನೀನೇ. ದಿನಚರಿ ಹೇಳಿಕೊಟ್ಟರೆ ಮಾತ್ರ ಕೆಡುವುದಿಲ್ಲವೋ? ಎರಡರಲ್ಲಿ ಒಂದನ್ನು ಬಿಡು.

ವಸುಧಾ: ದಿನಚರಿಯನ್ನು ಬಿಟ್ಟೆ. ಶಾಸನಗಳನ್ನು ಬಿಡಲು ನೀವು ಸಿದ್ಧರಿದ್ದೀರಾ?