ಕೈಗೆಲಸವೂ ವಿದ್ಯೆಯೂ

ಓದುವ ಹುಡುಗನು ಪುಸ್ತಕವನ್ನು ಮುಚ್ಚಿಟ್ಟು ಗಡಿಯಾರವನ್ನು ಬಿಚ್ಚಿಕೊಂಡು ಕುಳಿತರೆ ಮನೆಯ ಹಿರಿಯರಿಗೆ ಸಮಾಧಾನವಾಗುವುದಿಲ್ಲ. ವರ್ಷಕ್ಕೊಂದು ದಿನ ಆಯುಧಪೂಜೆಯಲ್ಲಿ ಸುತ್ತಿಗೆಗೂ ಇಕ್ಕುಳಕ್ಕೂ ಕುಂಕುಮವಿಟ್ಟು ಕೈಮುಗಿಯುವವರೇ, ಉಳಿದ ದಿನಗಳಲ್ಲಿ ಅವನ್ನು ಮಗನ ಕೈಯಲ್ಲಿ ಕಂಡರೆ ಹುಬ್ಬು ಗಂಟಿಕ್ಕುವರು. ಈ ಅಸಮಾಧಾನವನ್ನು ಬರಿಯ ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ವಿದ್ಯೆಯೆಂಬುದು ಬುದ್ಧಿಯ ವ್ಯಾಪಾರವಾದರೆ ಅದರಲ್ಲಿ ಕೈಗೆ ಪಾಲುಂಟೆ? ಉಂಟೆಂದೇ ಒಪ್ಪಿದರೂ, ಯಾವ ಪ್ರಯೋಜನಕ್ಕೂ ಬಾರದ ಆಟಿಕೆಗಳನ್ನು ಕಟ್ಟುತ್ತ ಕಾಲ ಕಳೆಯುವವನನ್ನು ವಿದ್ಯಾರ್ಥಿಯೆನ್ನಬೇಕೆ, ಸೋಮಾರಿಯೆನ್ನಬೇಕೆ?

ಅಮೆರಿಕಾ ದೇಶದ ಕ್ಲಾಡ್ ಶಾನನ್ ಎಂಬವನ ಜೀವನವು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. 1916ರಲ್ಲಿ ಮಿಷಿಗನ್ ಪ್ರಾಂತದಲ್ಲಿ ಹುಟ್ಟಿ, ಗೇಲಾರ್ಡ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಈತನು ಬಾಲ್ಯದಲ್ಲಿಯೇ ಬೇಲಿಯ ಮುಳ್ಳುತಂತಿಯನ್ನು ಬಳಸಿಕೊಂಡು ಅರ್ಧ ಮೈಲು ದೂರದ ಗೆಳೆಯನ ಮನೆಗೆ ತಂತಿವಾರ್ತೆಯನ್ನು ಕಳುಹಿಸಿದನು. 1936ರಲ್ಲಿ ವಿದ್ಯುತ್ ಇಂಜಿನಿಯರಿಂಗ್, ಗಣಿತ ಎರಡರಲ್ಲಿಯೂ ಪದವಿಯನ್ನು ಪಡೆದು ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಸೇರಿದನು. ಅಲ್ಲಿ ಆತನಿಗೆ ದೊರೆತುದು ವ್ಯಾನೆವರ್ ಬುಷ್ ಎಂಬ ಆಚಾರ್ಯನು ನಿರ್ಮಿಸಿದ್ದ ಗಣನಯಂತ್ರವನ್ನು ನಡೆಸುವ ಕೆಲಸ. ಇತರರು ತಂದ ಸಮೀಕರಣಗಳಿಗೆ ತಕ್ಕಂತೆ ಅದರ ದಂಡಗಳನ್ನೂ ಹಲ್ಲುಚಕ್ರಗಳನ್ನೂ ಜೋಡಿಸಿಕೊಡಬೇಕು. ನೋಡುವವರಿಗೆ ಅದು ಮೇಸ್ತ್ರಿಯ ಕೆಲಸವೇ ಸರಿ.

ಆ ಯಂತ್ರವನ್ನು ನಿಯಂತ್ರಿಸಲು ನೂರಕ್ಕೂ ಹೆಚ್ಚು ರಿಲೇಗಳಿದ್ದುವು. ರಿಲೇ ಎಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದು ಅಯಸ್ಕಾಂತವಾಗಿ, ಕಬ್ಬಿಣದ ಪಟ್ಟಿಯನ್ನು ಸೆಳೆದು, ಮತ್ತೊಂದು ಮಾರ್ಗವನ್ನು ಕೂಡಿಸುವುದು ಅಥವಾ ಕಡಿಯುವುದು. ಅದಕ್ಕೆ ಎರಡೇ ಅವಸ್ಥೆ, ಮೂರನೆಯದಿಲ್ಲ. ಎರಡನ್ನು ಒಂದರ ಮುಂದೊಂದು ಇಟ್ಟರೆ ಎರಡೂ ಕೂಡಿದಾಗ ಮಾತ್ರ ದೀಪ ಹತ್ತುವುದು. ಪಕ್ಕಪಕ್ಕದಲ್ಲಿ ಇಟ್ಟರೆ ಯಾವುದೊಂದು ಕೂಡಿದರೂ ಹತ್ತುವುದು. ತರ್ಕದಲ್ಲಿ ಬರುವ 'ಮತ್ತು', 'ಅಥವಾ' ಎಂಬ ಮಾತುಗಳೇ ಇಲ್ಲಿ ಲೋಹವಾಗಿ ನಿಂತಿವೆಯೆಂದು ಶಾನನ್ ಕಂಡುಕೊಂಡನು. ಜಾರ್ಜ್ ಬೂಲ್ ಎಂಬವನು 1854ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದ ತರ್ಕಗಣಿತವು ರಿಲೇಗಳಿಗೆ ಹಾಗೆಯೇ ಒಪ್ಪುವುದೆಂದು ಆತನು 1937ರ ತನ್ನ ಪ್ರಬಂಧದಲ್ಲಿ ತೋರಿಸಿದನು. ಇಂದಿನ ಕಂಪ್ಯೂಟರುಗಳ ಒಳಗಿನ ಮಂಡಲಗಳ ರಚನೆಯು ಈ ತತ್ತ್ವವನ್ನು ಅವಲಂಬಿಸಿದೆ.

ಹಾಗಾದರೆ ಜಯವು ಕೈಯದೋ, ಗ್ರಂಥದ್ದೋ? ಬೂಲನನ್ನು ಓದಿದ ಪಂಡಿತರು ಎಂಬತ್ತು ವರ್ಷಗಳ ಕಾಲ ಇದ್ದರು. ಟೆಲಿಫೋನ್ ಕಚೇರಿಗಳಲ್ಲಿ ರಿಲೇ ಜೋಡಿಸಿದವರು ಅಸಂಖ್ಯಾತರು. ಒಂದೊಂದನ್ನೇ ಬಲ್ಲವರಿಗೆ ಈ ನಂಟು ಸುಲಭವಾಗಿ ಕಾಣಲಿಲ್ಲ. ಜಪಾನಿನ ನಕಾಶಿಮಾ ಎಂಬ ಇಂಜಿನಿಯರನು ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಸ್ವತಂತ್ರವಾಗಿ ಇದೇ ದಾರಿಯನ್ನು ಹಿಡಿದನು. ಆತನೂ ರಿಲೇಗಳೊಡನೆ ಪಳಗಿದವನೆಂಬುದು ಗಮನಾರ್ಹ. ಕೈಗೆಲಸವು ಬುದ್ಧಿಗೆ ಒದಗಿಸುವ ಉಪಕಾರವು ಬೇರೊಂದು ಬಗೆಯದು. ಸಭೆಯಲ್ಲಿ ವಾಕ್ಚಾತುರ್ಯದಿಂದ ಗೆಲ್ಲಬಹುದು, ಪರೀಕ್ಷೆಯಲ್ಲಿ ಬಾಯಿಪಾಠದಿಂದ ತೇರ್ಗಡೆಯಾಗಬಹುದು. ತಪ್ಪಾಗಿ ಸೇರಿಸಿದ ತಂತಿಗೆ ಮಾತ್ರ ಯಾರ ದಾಕ್ಷಿಣ್ಯವೂ ಇಲ್ಲ. ಕಟ್ಟಿದವನು ಎಷ್ಟು ಓದಿದ್ದಾನೆಂದು ಅದು ಕೇಳುವುದಿಲ್ಲ. ತನ್ನ ತಪ್ಪನ್ನು ಹೀಗೆ ದಿನಕ್ಕೆ ಹತ್ತು ಸಲ ಒಪ್ಪಿಕೊಳ್ಳಬೇಕಾದವನ ಮನಸ್ಸಿಗೆ ಆಗುವ ಸಂಸ್ಕಾರವು ಪುಸ್ತಕದಿಂದ ಸುಲಭವಾಗಿ ದೊರೆಯತಕ್ಕುದಲ್ಲ.

ಆದರೆ ಆಟಿಕೆಯನ್ನು ಅದರ ಫಲದಿಂದ ಸಮರ್ಥಿಸುವವರು ಹಿರಿಯರ ಪಕ್ಷವನ್ನೇ ಸೇರಿದಂತಾಯಿತು. ಫಲ ಬಾರದ ಆಟಿಕೆಯ ಗತಿಯೇನು? 1950ರಲ್ಲಿ ಶಾನನ್ ಥೀಸಿಯಸ್ ಎಂಬ ಮರದ ಇಲಿಯೊಂದನ್ನು ಮಾಡಿದನು. ತಂತಿ ಜೋಡಿಸುವ ಕೆಲಸದಲ್ಲಿ ಪತ್ನಿ ಬೆಟ್ಟಿಯದೂ ದೊಡ್ಡ ಪಾಲು. ಇಪ್ಪತ್ತೈದು ಮನೆಗಳ ಚಕ್ರವ್ಯೂಹದಲ್ಲಿ ಈ ಇಲಿ ಮೊದಲ ಸಲ ಗೋಡೆಗೋಡೆಗೆ ಮುಟ್ಟಿ, ತಿರುಗಿ, ತಡಕಾಡಿ ಗುರಿಯನ್ನು ಸೇರುವುದು. ಎರಡನೆಯ ಸಲ ಒಂದೂ ತಪ್ಪದೆ ನೇರವಾಗಿ ಓಡುವುದು. ಅಭಿಮನ್ಯುವಿಗೆ ಇಲ್ಲದ ಸೌಕರ್ಯ! ವಿನೋದವೇನೆಂದರೆ, ಇಲಿಯ ಹೊಟ್ಟೆಯಲ್ಲಿ ಒಂದು ಅಯಸ್ಕಾಂತದ ಹೊರತು ಏನೂ ಇಲ್ಲ. ನೆನಪೆಲ್ಲ ನೆಲದ ಕೆಳಗಿನ ಎಪ್ಪತ್ತೈದರಷ್ಟು ರಿಲೇಗಳಲ್ಲಿದೆ. ಕಲಿತವರು ಯಾರು—ಓಡಿದ ಇಲಿಯೋ, ಅಲುಗದ ನೆಲವೋ? ಈ ಪ್ರಶ್ನೆಯನ್ನು ಮಾತಿನಲ್ಲಿ ಕೇಳಿದರೆ ಬರಿಯ ಚಮತ್ಕಾರ. ಕಣ್ಣೆದುರಿಗೆ ಇಲಿ ಓಡುವಾಗ ತಪ್ಪಿಸಿಕೊಳ್ಳುವಂತಿಲ್ಲ.

ಗೋಡೆಯನ್ನು ಬದಲಾಯಿಸಿದರೆ ಇಲಿ ಹಳೆಯ ದಾರಿಯಲ್ಲಿ ಹೋಗಿ ಮುಗ್ಗರಿಸಿ, ಹೊಸದಾಗಿ ಹುಡುಕುವುದು. ಇದೇ ಜಾತಿಯ ಯಂತ್ರವೊಂದನ್ನು 1951ರಲ್ಲಿ ವಿದ್ವತ್ಸಭೆಯೊಂದರ ಮುಂದಿಟ್ಟಾಗ ಶಾನನ್ ಅದರಲ್ಲಿ ಇನ್ನೊಂದು ಏರ್ಪಾಡನ್ನು ತೋರಿಸಿದನು: ಹಳೆಯ ನೆನಪನ್ನು ನಂಬಿ ಒಂದೇ ಸುತ್ತನ್ನು ಮಿತಿಮೀರಿ ತಿರುಗತೊಡಗಿದರೆ ಯಂತ್ರವು ಆ ನೆನಪನ್ನು ಬಿಟ್ಟುಕೊಡುವುದು. ಎಷ್ಟೋ ಪಂಡಿತರಲ್ಲಿ ಈ ರಿಲೇ ಇಲ್ಲ.

1948ರಲ್ಲಿ ವಾರ್ತಾಪ್ರಸಾರದ ಗಣಿತಸಿದ್ಧಾಂತವನ್ನು ಲೋಕಕ್ಕೆ ಕೊಟ್ಟಂಥವನು ಮುಂದೆ ಉಕ್ಕಿನ ಗುಂಡುಗಳನ್ನು ಎಸೆದಾಡುವ ಯಂತ್ರವನ್ನು ಕಟ್ಟುತ್ತ ಕುಳಿತುದು ಅಪವ್ಯಯವೆಂದು ಹೇಳುವವರಿಗೆ ಉತ್ತರವಿಲ್ಲದಿಲ್ಲ. ಆದರೆ ಪೂರ್ತಿಯಾದ ಉತ್ತರವೂ ಇಲ್ಲ. ಸಮಾಜದ ಅನ್ನವನ್ನು ಉಂಡವನ ಋಣವು ನಿಜವಾದುದು. ಋಣವು ತೀರಿದ ಬಳಿಕವೂ ಮನುಷ್ಯನು ಸಾಲಗಾರನಂತೆಯೇ ಬದುಕಬೇಕೆಂಬುದು ಮಾತ್ರ ಕಠಿನವಾದ ಧರ್ಮ. ಇಂದು ಯಂತ್ರಮಾನವಶಾಸ್ತ್ರದ ವಿದ್ಯಾರ್ಥಿಗಳು ಚಕ್ರವ್ಯೂಹದಲ್ಲಿ ಇಲಿಗಳನ್ನು ಓಡಿಸಿ ಪಂದ್ಯವಾಡುವರು. ಅವರಲ್ಲಿ ಹೆಚ್ಚಿನವರಿಂದ ಯಾವ ಸಿದ್ಧಾಂತವೂ ಹುಟ್ಟಲಾರದು.

ಮಿನ್ಸ್ಕಿ ಎಂಬ ತರುಣ ಗಣಿತಜ್ಞನ ಕಲ್ಪನೆಯನ್ನು ಹಿಡಿದು ಶಾನನ್ 1952ರ ಸುಮಾರಿಗೆ ಒಂದು ಪೆಟ್ಟಿಗೆಯನ್ನು ಮಾಡಿ ತನ್ನ ಮೇಜಿನ ಮೇಲಿಟ್ಟುಕೊಂಡಿದ್ದನು. ಅದರ ಸ್ವಿಚ್ಚನ್ನು ಒತ್ತಿದರೆ ಮುಚ್ಚಳ ತೆರೆದು ಒಳಗಿಂದ ಒಂದು ಕೈ ಬರುವುದು. ಅದೇ ಸ್ವಿಚ್ಚನ್ನು ಆರಿಸಿ ಮತ್ತೆ ಒಳಗೆ ಹೋಗುವುದು. ಮತ್ತೇನೂ ಇಲ್ಲ. ಅದನ್ನು ಕಟ್ಟುವುದಕ್ಕೂ ತಂತಿಗಳನ್ನು ಸರಿಯಾಗಿಯೇ ಸೇರಿಸಬೇಕಾಗಿತ್ತು.