ಎಳೆಯ ಬೆಂಕಿ

ಪುಷ್ಯಮಾಸದ ಬೆಳಗು ಕೊಳಗಲ್ಲಿಗೆ ಬರುವ ಹೊತ್ತಿಗೆ ಎರೆಹೊಲದ ಮೇಲೆ ಮಂಜು ಇನ್ನೂ ಮಲಗಿರುತ್ತದೆ. ಕಣದಲ್ಲಿ ಹರವಿದ ಮೆಣಸಿನಕಾಯಿಯ ಘಾಟು ಆ ತಂಪಿನಲ್ಲಿ ಕರಗಿ ಮೂಗಿಗೆ ಮೆತ್ತಗೆ ತಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಕಾಯುವ ಬಳ್ಳಾರಿ ಸೀಮೆಯ ನೆಲ, ಬಂಡೆ, ತಗಡು ಎಲ್ಲವೂ ರಾತ್ರಿಯಿಡೀ ತಮ್ಮ ಬಿಸಿಯನ್ನು ಆಕಾಶಕ್ಕೆ ಒಪ್ಪಿಸಿ, ಬರಿಗೈಯಲ್ಲಿ ಸೂರ್ಯನ ದಾರಿ ನೋಡುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಓಣಿಯ ಹಳೆಯ ಪೆಟ್ರೋಲ್ ಕಾರೊಂದರ ಕೀಲಿ ತಿರುಗುತ್ತದೆ; ಎಂಜಿನ್ ಹತ್ತಿಕೊಂಡು, ನಡುಗಿ, ಒಂದು ಬಡಿತ ತಪ್ಪಿ, ಮತ್ತೊಂದನ್ನು ಹಿಡಿದು, ಇನ್ನೇನು ಆರಿತು ಎನ್ನುವಷ್ಟರಲ್ಲಿ ಉಸಿರು ಮರಳಿ ಪಡೆಯುತ್ತದೆ. ಗಾಡಿ ಚಳಿಗೆ ಮಿಸ್ಸಿಂಗ್ ಹೊಡಿತೈತಿ ಎನ್ನುತ್ತಾರೆ ಇಲ್ಲಿಯವರು. ಆ ತಡವರಿಕೆಯಲ್ಲಿ ನನಗೆ ರೋಗಕ್ಕಿಂತ ಹೆಚ್ಚಾಗಿ ಹುಟ್ಟಿನ ಸದ್ದೇ ಕೇಳಿಸುತ್ತದೆ.

ಯಾಕೆಂದರೆ ಪೆಟ್ರೋಲ್ ದ್ರವವಾಗಿದ್ದಾಗ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಕಾದ ಲೋಹದ ದಾರಿಯಲ್ಲಿ ಸಾಗುವ ತುಂತುರು ಕ್ಷಣದಲ್ಲೇ ಹಗುರಾಗಿ ಗಾಳಿಯಲ್ಲಿ ಬೆರೆತು, ಒಂದು ಮಿಲಿಮೀಟರಿನ ಆಸುಪಾಸಿನ ಸಂದಿನಲ್ಲಿ ಹಾರುವ ಪ್ಲಗ್ಗಿನ ಕಿಡಿಗೆ ತನ್ನನ್ನು ಕೊಟ್ಟುಕೊಳ್ಳುತ್ತದೆ. ತಣ್ಣಗಿನ ದಾರಿಯಲ್ಲಿ ಅದೇ ತುಂತುರು ಗೋಡೆಗೆ ತೇವವಾಗಿ ಅಂಟಿ ಹಿಂದೆ ಉಳಿದು, ಕಿಡಿಯ ಬಳಿಗೆ ಹೋಗುವ ಗಾಳಿ ಅರೆಹೊಟ್ಟೆಯಲ್ಲಿ ಹೋಗುತ್ತದೆ. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಲೆಕ್ಕ ಬೆಚ್ಚಗಿನ ಎಂಜಿನ್ನಿಗೆ ಸಾಕು. ಚಳಿಯಲ್ಲಿ ಕಣ್ಣು ಬಿಡುವ ಬೆಂಕಿಗೆ ಸಾಲದು, ಅದಕ್ಕೆ ಹೆಚ್ಚು ಉಣಿಸಬೇಕು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಓಡಿಸುವವನೇ ಚೋಕ್ ಎಳೆದು ಗಾಳಿಯ ಬಾಗಿಲನ್ನು ಕಿರಿದು ಮಾಡುತ್ತಿದ್ದ. ಈಗ ಆ ಕಾಳಜಿ, ಕೂಲಂಟ್ ನೀರಿನಲ್ಲಿ ತಲೆ ಮುಳುಗಿಸಿ ಕುಳಿತ ಒಂದು ಪುಟ್ಟ ಸೆನ್ಸರಿಗೆ ಸೇರಿದೆ. ಅದು ತಣ್ಣಗಿದ್ದಾಗ ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ, ಬಿಸಿಯೇರಿದಂತೆ ದಾರಿ ಬಿಡುತ್ತದೆ: ಬಹಳಷ್ಟು ಕಾರುಗಳಲ್ಲಿ 20 ಡಿಗ್ರಿಗೆ 2,500 ಓಮ್ ಆಸುಪಾಸು, 80 ಡಿಗ್ರಿಗೆ 300ರ ಹತ್ತಿರ. ಅಷ್ಟರಿಂದಲೇ ಎಂಜಿನ್ ತನ್ನ ಚಳಿಯನ್ನು ತಾನು ಅರಿಯುತ್ತದೆ.

ನೆರೆಮನೆಯ ಆ ಕಾರು ನೋಡಲು ಒಪ್ಪಿದ ಮೇಸ್ತ್ರಿ ಕೇಳಿದ್ದು ಒಂದೇ: "ರಾತ್ರಿಯೆಲ್ಲ ಹಂಗಾ ಬಿಡ್ರಿ ಅಣ್ಣಾ, ಬೆಳಿಗ್ಗೆ ನಾ ಬರಾತನ ಯಾರೂ ಚಾಲೂ ಮಾಡಬ್ಯಾಡ್ರಿ. ಬಿಸಿ ಆತಂದ್ರ ಅದು ಏನೂ ಹೇಳಲ್ಲ." ಹೊತ್ತು ಮೂಡುವ ಮೊದಲೇ ಬಂದು ಬಾನೆಟ್ ಎತ್ತಿ, ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದರ ಮುಖವನ್ನೂ ಬೆಳಕಿಗೆ ಹಿಡಿದು, ರಬ್ಬರ್ ಪೈಪುಗಳ ಮೇಲೆ ಬೆರಳಾಡಿಸಿ ಬಿರುಕು ಹುಡುಕಿ, ಕೊನೆಗೆ ಮೀಟರಿನ ಎರಡು ತಂತಿಗಳನ್ನು ಸೆನ್ಸರಿಗೆ ಮುಟ್ಟಿಸಿದ. ಅಂಗೈಗೆ ಕೊರೆಯುವಷ್ಟು ತಣ್ಣಗಿದ್ದ ಲೋಹದ ಒಳಗಿನಿಂದ ಆ ಸಣ್ಣ ಸಾಕ್ಷಿ 300ರ ಹತ್ತಿರದ ಅಂಕಿ ತೋರಿಸುತ್ತಿತ್ತು. ಇಡೀ ಎಂಜಿನ್ ಚಳಿಯಲ್ಲಿ ನಡುಗುತ್ತಿದ್ದರೂ ತಾನು ಬೆಚ್ಚಗಿದ್ದೇನೆ ಎಂದೇ ಹೇಳುತ್ತಿತ್ತು, ಆ ಮಾತನ್ನು ನಂಬಿ ಪೆಟ್ರೋಲೂ ಕಡಿಮೆಯೇ ಬರುತ್ತಿತ್ತು. ಹೊಸ ಸೆನ್ಸರ್ ಕೂತ ಮೇಲೆ ಕೀಲಿ ತಿರುಗಿದಾಗ ಎಂಜಿನ್ ಒಮ್ಮೆಗೇ ದನಿಯೆತ್ತಿ, ಮೈ ಬೆಚ್ಚಗಾದಂತೆ ಆ ದನಿಯನ್ನು ತಾನೇ ಇಳಿಸಿಕೊಳ್ಳುತ್ತ, ನಿಮಿಷಕ್ಕೆ 800 ಸುತ್ತಿನ ಹದಕ್ಕೆ ಬಂದು ನೆಲೆಸಿತು. ಆ ಹದದಲ್ಲಿಯೂ ನಾಲ್ಕು ಸಿಲಿಂಡರುಗಳಲ್ಲಿ ನಿಮಿಷಕ್ಕೆ 1,600 ಸಲ ಬೆಂಕಿ ಹುಟ್ಟುತ್ತದೆ, ಒಂದು, ಮೂರು, ನಾಲ್ಕು, ಎರಡು ಎಂಬ ಸರದಿ ಒಮ್ಮೆಯೂ ತಪ್ಪದೆ.

ಈ ಊರಿನಲ್ಲಿ ಬೆಂಕಿಯ ಹುಟ್ಟನ್ನು ನೆನೆಯುವುದಕ್ಕೆ ಹಳೆಯ ಕಾರಣವೂ ಇದೆ. ರಾಷ್ಟ್ರಕೂಟರ ಖೊಟ್ಟಿಗನ ಕಾಲದ, 967ರ ಕೊಳಗಲ್ಲಿನ ಶಾಸನವು ದೂರದ ಬಂಗಾಳದ ವರೇಂದ್ರಿಯಿಂದ ಬಂದ ಗದಾಧರನೆಂಬವನು ಇಲ್ಲಿ ಕಾರ್ತಿಕೇಯನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಶಿವನ ತೇಜಸ್ಸನ್ನು ಅಗ್ನಿ ಹೊತ್ತು, ಹೊರಲಾರದೆ ಗಂಗೆಗೆ ಒಪ್ಪಿಸಿ, ಜೊಂಡಿನ ತಂಪಿನಲ್ಲಿ ಕಣ್ತೆರೆದ ಶಿಶು ಅವನು. ದೇವಸೇನೆಯನ್ನೇ ನಡೆಸಬೇಕಾದ ಆ ಉರಿಗೂ ಮೊದಲ ದಿನಗಳಲ್ಲಿ ಒಬ್ಬ ತಾಯಿಯ ಹಾಲು ಸಾಲಲಿಲ್ಲ. ಆರು ಕೃತ್ತಿಕೆಯರು ಬೇಕಾದರು. ತಣ್ಣಗಿನ ಎಂಜಿನ್ನಿನ ಮುಂದೆ ನಿಂತಾಗ ಆ ಆರು ಜನ ತಾಯಂದಿರ ನೆನಪು ಬಂದು, ಕಥೆ ಕಟ್ಟಿದವರು ಬೆಂಕಿಯನ್ನು ಎಷ್ಟು ಹತ್ತಿರದಿಂದ ಕಂಡಿದ್ದರು ಎಂದು ಮನಸ್ಸು ಬೆರಗಾಗುತ್ತದೆ.

ಹೆಚ್ಚು ದೂರವಿಲ್ಲದ ಕುಡತಿನಿಯಲ್ಲಿ, ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಕಿಚ್ಚಿಟ್ಟು ಉಳಿಸಿಹೋದ ಬೂದಿದಿಬ್ಬವಿದೆ. ಉರಿಯ ಕಾವಿಗೆ ಕರಗಿ ಗಾಜಿನಂತಾದ ಪದರಗಳು ಅದರೊಳಗಿವೆ. ಅದೇ ಕುಡತಿನಿಯಲ್ಲಿ ಇಂದು 1,700 ಮೆಗಾವ್ಯಾಟ್‌ನ ಶಾಖೋತ್ಪನ್ನ ಕೇಂದ್ರವಿದೆ. ಅಲ್ಲಿನ ಮುಗಿಲೆತ್ತರದ ಬಾಯ್ಲರಿಗೂ ಆರಿದ ಒಲೆಯಲ್ಲಿ ನೇರವಾಗಿ ಕಲ್ಲಿದ್ದಲು ತುಂಬಿ ಉರಿ ಎಬ್ಬಿಸಲಾಗದು. ಮೊದಲು ಎಣ್ಣೆಯ ಜ್ವಾಲೆ ಹಚ್ಚಿ, ಗಂಟೆಗಟ್ಟಲೆ ಕಾದು, ಉಕ್ಕನ್ನು ಮೆಲ್ಲಮೆಲ್ಲನೆ ಬೆಚ್ಚಗೆ ಮಾಡಬೇಕು. ಸಗಣಿಯ ರಾಶಿ, ಬಾಯ್ಲರು, ಓಣಿಯ ಕಾರು: ಯಾವುದರ ಬೆಂಕಿಯೂ ದೊಡ್ಡದಾಗಿ ಹುಟ್ಟಿಲ್ಲ.

ಲೋಕವನ್ನು ನಡೆಸುವ ಉರಿಯ ಮುಂದೆ ನಾವು ಸಹಜವಾಗಿ ಕೈಮುಗಿಯುತ್ತೇವೆ. ಆದರೆ ಆ ಉರಿ ಪ್ರತಿ ಬೆಳಗೂ ಚಳಿಯಿಂದಲೇ ಹೊರಡುತ್ತದೆ, ಚಳಿಯನ್ನು ಚಳಿ ಎಂದೇ ಬಲ್ಲಾಗ ಮಾತ್ರ ಅದಕ್ಕೆ ಬೇಕಾದಷ್ಟು ತುತ್ತು ಸಿಗುತ್ತದೆ, ತಡವರಿಸಿದ ಬೆಂಕಿಯನ್ನು ಬೈಯದೆ ಕತ್ತಲಲ್ಲೇ ಎದ್ದು ಬಂದು ಕಿವಿಗೊಡುವ ಯಾರೋ ಒಬ್ಬರಿರುತ್ತಾರೆ. ಇದನ್ನು ಕಂಡ ಮೇಲೆ ನನ್ನ ಭಕ್ತಿಯ ಹೆಚ್ಚಿನ ಪಾಲು ಧಗಧಗಿಸುವ ಉರಿಗಿಂತ, ಅದನ್ನು ಎಳವೆಯಲ್ಲಿ ಕಾದವರ ಕೈಗಳಿಗೆ ಸಲ್ಲುತ್ತದೆ.